ಗಿಯರಿನಲ್ಲಿರುವ ಗಂಡಸ್ತನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸಣ್ಣ ಕಾರು ಕೊಳ್ಳಲು ಹೊರಟವರ ಕಿವಿಗೆ ಒಂದು ಬುದ್ಧಿಮಾತು ತಪ್ಪದೆ ಬೀಳುತ್ತದೆ. ‘ಆಟೋಮ್ಯಾಟಿಕ್ ಯಾಕ ತೊಗೋತೀರಿ? ಅದು ಹೆಣ್ಮಕ್ಕಳ ಗಾಡಿರೀ. ಗಿಯರ್ ಹಾಕಿ ಹೊಡದ್ರ ಅದು ಡ್ರೈವಿಂಗು.’ ಹೇಳುವವರು ಕೆಟ್ಟವರೇನಲ್ಲ. ನಮ್ಮ ನಂಟರು, ನೆರೆಯವರು, ನಮ್ಮ ದುಡ್ಡು ಉಳಿಯಲಿ ಎಂದು ಬಯಸುವವರು. ಚಹಾದಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಮದುವೆಯ ಹಂದರದಲ್ಲಿ ಈ ಮಾತು ಬಂದಾಗ ಸುತ್ತಲಿದ್ದವರೆಲ್ಲ ತಲೆಯಾಡಿಸುತ್ತಾರೆ. ಯಾರೂ ಪ್ರಶ್ನಿಸುವುದಿಲ್ಲ.

ಪ್ರಶ್ನಿಸಬೇಕಾಗಿದೆ. ಮೇಲುನೋಟಕ್ಕೆ ಇದು ಒಂದು ಯಂತ್ರದ ಕುರಿತ ಮಾತು. ಒಳಗೆ ನೋಡಿದರೆ, ಮನೆಯಲ್ಲಿ ಸ್ಟೇರಿಂಗ್ ಹಿಡಿಯುವವರು ಯಾರು, ಜೀವನವಿಡೀ ಪಕ್ಕದ ಸೀಟಿನಲ್ಲೋ ಹಿಂದಿನ ಸೀಟಿನಲ್ಲೋ ಕೂರಬೇಕಾದವರು ಯಾರು ಎಂಬುದರ ತೀರ್ಮಾನ ಅದರಲ್ಲಿದೆ.

ಮೊದಲು ಯಂತ್ರದ ವಿಷಯವನ್ನೇ ನೋಡೋಣ. 1990ರ ದಶಕದಲ್ಲಿಯೇ ಮಾರುತಿ ಝೆನ್‌ನಲ್ಲಿ, ಆಮೇಲೆ ಹುಂಡೈ ಸ್ಯಾಂಟ್ರೋದಲ್ಲಿ ಆಟೋಮ್ಯಾಟಿಕ್ ಮಾದರಿಗಳು ಬಂದಿದ್ದವು. ಅವುಗಳ ಗಿಯರ್ ಪೆಟ್ಟಿಗೆಯ ಜಾತಿಯೇ ಬೇರೆ. ಬೆಲೆ ಹೆಚ್ಚು, ಪೆಟ್ರೋಲ್ ಕುಡಿಯುವುದೂ ಹೆಚ್ಚು. ಹಾಗಾಗಿ ಅವು ದೊಡ್ಡ ಊರು ಬಿಟ್ಟು ಇತ್ತ ಬರಲಿಲ್ಲ. 2014ರ ಫೆಬ್ರವರಿಯಲ್ಲಿ ಮಾರುತಿ ಸೆಲೆರಿಯೊ ಬಂದಾಗ ಲೆಕ್ಕ ಬದಲಾಯಿತು. ಅದರಲ್ಲಿದ್ದದ್ದು ‘ಎಎಂಟಿ’ ಎಂಬ ಏರ್ಪಾಡು. ಅದೇ ವರ್ಷದ ಕೊನೆಗೆ ಆಲ್ಟೊ ಕೆ10ರಲ್ಲಿ, 2015ರಲ್ಲಿ ಟಾಟಾ ನ್ಯಾನೋದಲ್ಲಿಯೂ ಅದು ಬಂತು. ಸಣ್ಣ ಸಂಬಳದ ಮಾಸ್ತರರು, ಅಡತಿ ಅಂಗಡಿಯವರು ಆಸೆಪಡಬಹುದಾದ ಬೆಲೆಗೆ ಆಟೋಮ್ಯಾಟಿಕ್ ಇಳಿದದ್ದು ಆಗ.

ಎಎಂಟಿಯಲ್ಲಿ ಹೊಸದೇನಿದೆ? ನೋಡಿದರೆ ಬಹಳ ಕಡಿಮೆ. ಗಿಯರ್ ಪೆಟ್ಟಿಗೆ ನಾವೆಲ್ಲ ಬಲ್ಲ ಮಾಮೂಲಿ ಪೆಟ್ಟಿಗೆಯೇ. ಕ್ಲಚ್ ಪ್ಲೇಟೂ ಅದೇ. ಎಡಗಾಲು ಕ್ಲಚ್ ತುಳಿದು, ಎಡಗೈ ಗಿಯರ್ ಬದಲಿಸುವ ಕೆಲಸವನ್ನು ಮಾತ್ರ ಒಂದು ಪುಟ್ಟ ಕಂಪ್ಯೂಟರಿನ ಅಪ್ಪಣೆಯಂತೆ ಒಂದು ಯಂತ್ರ ಮಾಡುತ್ತದೆ. ಆದ್ದರಿಂದ ‘ಗಿಯರ್ ಇಲ್ಲದ ಗಾಡಿ’ ಎಂದು ಮೂದಲಿಸುವುದೇ ತಪ್ಪು. ಐದೂ ಗಿಯರುಗಳು ಒಳಗೇ ಇವೆ. ಇಲ್ಲದಿರುವುದು ಕ್ಲಚ್ ಪೆಡಲ್ ಒಂದೇ. ಹಾಗಾದರೆ ನಮ್ಮ ಗಂಡಸ್ತನವೆಲ್ಲ ಆ ಅಂಗೈಯಗಲದ ಪೆಡಲ್ಲಿನ ಮೇಲೆ ನಿಂತಿದೆಯೇ?

ನಿಂತಿಲ್ಲ ಎನ್ನುವುದಕ್ಕೆ ಸಾಕ್ಷಿ ನಮ್ಮ ಹಳ್ಳಿಗಳ ರಸ್ತೆಯಲ್ಲೇ ಓಡಾಡುತ್ತಿದೆ. ಟಿವಿಎಸ್ ಎಕ್ಸ್‌ಎಲ್ ಗಾಡಿಗೆ ಗಿಯರ್ ಇಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ಚೂ ಇಲ್ಲ. ಅದರ ಮೇಲೆ ಎರಡೂ ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು, ಹಿಂದೆ ಮೇವಿನ ಹೊರೆ ಹೇರಿಕೊಂಡು ಹೋಗುವ ರೈತನನ್ನು ಕಂಡು ‘ಹೆಣ್ಮಕ್ಕಳ ಗಾಡಿ ಹೊಡಿತಾನ’ ಎಂದು ಯಾರಾದರೂ ನಕ್ಕದ್ದುಂಟೇ? ಬೆಂಗಳೂರಿನಲ್ಲಿ ಬಿಎಂಟಿಸಿಯ ವೋಲ್ವೊ ಸಿಟಿ ಬಸ್ಸುಗಳಿಗೂ ಕ್ಲಚ್ ಪೆಡಲ್ ಇರಲಿಲ್ಲ. ಅವುಗಳ ಚಾಲಕನ ಮೀಸೆಗೇನೂ ಕುಂದು ಬರಲಿಲ್ಲ. ಗಂಡಸು ಓಡಿಸಿದಾಗ ಅನುಕೂಲ ಎನಿಸಿಕೊಳ್ಳುವ ಯಂತ್ರ, ಹೆಣ್ಣು ಓಡಿಸತೊಡಗಿದ ಕೂಡಲೇ ನಗೆಪಾಟಲಾಗುತ್ತದೆ. ಇಲ್ಲಿ ನಗು ಯಂತ್ರದ ಮೇಲಿನದಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದು ಎಂಥ ನೆಲದಲ್ಲಿ ನಡೆಯುತ್ತಿದೆ ಎಂಬುದನ್ನೂ ಯೋಚಿಸಬೇಕು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಎದುರು ನಿಂತ ಕಿತ್ತೂರು ಚೆನ್ನಮ್ಮ ಸೆರೆಯಾಗಿ 1829ರಲ್ಲಿ ಪ್ರಾಣ ಬಿಟ್ಟದ್ದು ಬೈಲಹೊಂಗಲದಲ್ಲಿ. ಅವಳ ಸಮಾಧಿ ಇರುವುದೂ ಇಲ್ಲಿಯೇ. ಹೆಣ್ಣು ಸೈನ್ಯ ಕಟ್ಟಿದಳೆಂದು ಜನ ಇಂದಿಗೂ ಹೇಳುವ ಮಲ್ಲಮ್ಮನ ಬೆಳವಡಿ ಇದೇ ತಾಲ್ಲೂಕಿನ ಊರು. ನಾವು ಚೆನ್ನಮ್ಮನನ್ನು ಕುದುರೆಯ ಮೇಲೆ ಕೂರಿಸಿ, ಕೈಗೆ ಖಡ್ಗ ಕೊಟ್ಟು, ವೃತ್ತಗಳಲ್ಲಿ ನಿಲ್ಲಿಸಿದ್ದೇವೆ. ಅಕ್ಟೋಬರ್ ಬಂದರೆ ಕಿತ್ತೂರು ಉತ್ಸವದ ಭಾಷಣಗಳಲ್ಲಿ ಆ ಕುದುರೆ ಓಡುತ್ತದೆ. ಆದರೆ ಭಾಷಣ ಕೇಳಿ ಮನೆಗೆ ಬಂದ ಅಪ್ಪನ ಹತ್ತಿರ ಮಗಳು ಕಾರಿನ ಚಾವಿ ಕೇಳಿದರೆ ಉತ್ತರ ಏನು? ‘ನಿನಗ ಕ್ಲಚ್ ಬರೂದಿಲ್ಲ ಬಿಡವಾ.’ ‘ಹಂಗಾರ ಆಟೋಮ್ಯಾಟಿಕ್ ತೊಗೊಳ್ಳೋಣಪಾ’ ಎಂದು ಅವಳೆಂದರೆ, ‘ಅದೂ ಒಂದ್ ಗಾಡಿಯೇನ?’ ಹೀಗೆ ಒಂದು ಬಾಗಿಲನ್ನು ಕ್ಲಚ್ ಮುಚ್ಚುತ್ತದೆ, ಇನ್ನೊಂದನ್ನು ಗೇಲಿ ಮುಚ್ಚುತ್ತದೆ. ಚಾವಿ ಅಪ್ಪನ ಕಿಸೆಯಲ್ಲೇ ಉಳಿಯುತ್ತದೆ.

ಹೆಣ್ಣಿಗೆ ಗಿಯರ್ ಬಾರದು ಎಂಬುದು ಈ ಲೇಖನದ ವಾದವಲ್ಲ. ಬಿಎಂಟಿಸಿಯಲ್ಲಿ ಬಸ್ ಓಡಿಸಿ ಹೆಸರಾದ ಪ್ರೇಮಾ ರಾಮಪ್ಪ ನಡಪಟ್ಟಿ ನಮ್ಮ ಬೆಳಗಾವಿ ಕಡೆಯವರೇ. ಗಿಯರ್ ಯಾರಿಗೂ ಬರುತ್ತದೆ, ಕಲಿಯಲು ಹೊತ್ತು ಬೇಕು, ಗಾಡಿ ಬೇಕು, ತಪ್ಪು ಮಾಡಲು ಅವಕಾಶ ಬೇಕು. ಗಂಡುಹುಡುಗನಿಗೆ ಈ ಮೂರೂ ಸಿಗುತ್ತವೆ. ಹದಿನಾಲ್ಕರ ವಯಸ್ಸಿಗೇ ಅವನು ಚಿಕ್ಕಪ್ಪನ ಟ್ರ್ಯಾಕ್ಟರ್ ಮೇಲೆ ಕೂತು ಹೊಲದಲ್ಲಿ ಗಿಯರ್ ಹಾಕಿ ನೋಡಿರುತ್ತಾನೆ. ಅವನು ನಾಲ್ಕು ಸಲ ಗಾಡಿ ಬಂದ್ ಮಾಡಿದರೆ ‘ಕಲಿತಾನ ತಗೊ’ ಎನ್ನುತ್ತಾರೆ. ಅವನ ಅಕ್ಕ ಬಸ್‌ಸ್ಟ್ಯಾಂಡಿನ ಮುಂದೆ ಒಂದೇ ಸಲ ಬಂದ್ ಮಾಡಿದರೆ ಹಿಂದಿನ ಟಂಟಂನವನು ಹಾರ್ನ್ ಒತ್ತಿ ಹಿಡಿಯುತ್ತಾನೆ, ಎದುರಿನ ಪಾನ್ ಅಂಗಡಿ ಪೂರ್ತಿ ತಿರುಗಿ ನೋಡುತ್ತದೆ. ಮರುದಿನ ಅವಳು ಸ್ಟೇರಿಂಗ್ ಮುಟ್ಟುವುದಿಲ್ಲ. ಕ್ಲಚ್ ಇಲ್ಲದ ಕಾರು ಈ ಅವಮಾನವೊಂದನ್ನು ತಪ್ಪಿಸುತ್ತದೆ. ಅವಳಿಗೆ ಅದು ಚಿಕ್ಕ ಉಪಕಾರವಲ್ಲ.

ಇದು ಆಗುತ್ತದೆಯೇ ಎಂದು ಕೇಳುವವರು ಸ್ಕೂಟರಿನ ಚರಿತ್ರೆಯನ್ನು ನೋಡಲಿ. ಬಜಾಜ್ ಚೇತಕ್ ಕಾಲದಲ್ಲಿ ಎಡಗೈ ತಿರುವಿ ಗಿಯರ್ ಹಾಕಬೇಕಿತ್ತು, ಕಾಲಿನಿಂದ ಒದ್ದು ಸ್ಟಾರ್ಟ್ ಮಾಡಬೇಕಿತ್ತು. ಹೆಣ್ಣುಮಕ್ಕಳು ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂತಿರುತ್ತಿದ್ದರು. 1984ರಲ್ಲಿ ಕೈನೆಟಿಕ್ ಹೊಂಡ ಬಂತು, 1990ರ ದಶಕದಲ್ಲಿ ಸ್ಕೂಟಿ ಬಂತು, 2001ರಲ್ಲಿ ಆ್ಯಕ್ಟಿವಾ ಬಂತು. ಗಿಯರ್ ಹೋಯಿತು, ಒದೆಯುವುದೂ ಹೋಯಿತು. ಇಂದು ತಾಲ್ಲೂಕು ಊರುಗಳಲ್ಲಿಯೂ ಶಾಲೆಯ ಅಕ್ಕೋರು, ಆಸ್ಪತ್ರೆಯ ನರ್ಸು, ಬ್ಯಾಂಕಿನ ಉದ್ಯೋಗಿ, ಬುರ್ಖಾ ತೊಟ್ಟ ಕಾಲೇಜು ಹುಡುಗಿ ತಮ್ಮ ಗಾಡಿಯನ್ನು ತಾವೇ ಓಡಿಸಿಕೊಂಡು ಹೋಗುತ್ತಾರೆ. ಯಾವ ಚಳವಳಿಯೂ ಭಾಷಣವೂ ಮಾಡದ ಕೆಲಸವನ್ನು ಒಂದು ಬೆಲ್ಟು ಮತ್ತು ಪುಲ್ಲಿ ಮಾಡಿದವು. ಆಗಲೂ ಅದನ್ನು ‘ಲೇಡೀಸ್ ಗಾಡಿ’ ಎಂದೇ ನಕ್ಕರು. ನಕ್ಕವರ ಮಕ್ಕಳು ಇಂದು ಅದೇ ಗಾಡಿಯ ಮೇಲೆ ಸಂತೆಗೆ ಹೋಗುತ್ತಿದ್ದಾರೆ.

ಸ್ಟೇರಿಂಗಿನಿಂದ ದೂರ ಉಳಿದವರಲ್ಲಿ ಹೆಂಗಸರಷ್ಟೇ ಇಲ್ಲ. ಮೊಣಕಾಲು ನೋವಿನಿಂದ ಎಡಗಾಲು ಎತ್ತಿಡಲಾಗದ ಹಿರಿಯರಿದ್ದಾರೆ. ಪೋಲಿಯೋದಿಂದಲೋ ಅಪಘಾತದಿಂದಲೋ ಎಡಗಾಲಿನ ಬಲ ಕಳೆದುಕೊಂಡವರಿದ್ದಾರೆ. ಬಲಗಾಲು ನೆಟ್ಟಗಿದ್ದರೆ ಇವರಲ್ಲಿ ಬಹಳ ಮಂದಿಗೆ ಆಟೋಮ್ಯಾಟಿಕ್ ಕಾರು ಸಾಕು, ಬೇರೆ ಜೋಡಣೆಯೂ ಬೇಕಾಗುವುದಿಲ್ಲ. ಇಂದೋರಿನ ವಿಕ್ರಮ್ ಅಗ್ನಿಹೋತ್ರಿ ಎರಡೂ ಕೈಗಳಿಲ್ಲದವರು. ಕಾಲಿನಿಂದಲೇ ಆಟೋಮ್ಯಾಟಿಕ್ ಕಾರು ಓಡಿಸಲು ಕಲಿತು 2016ರಲ್ಲಿ ಲೈಸೆನ್ಸ್ ಪಡೆದರು. ಅವರ ಎದುರು ನಿಂತು ‘ಗಿಯರ್ ಹಾಕಿದರೇ ಡ್ರೈವಿಂಗು’ ಎನ್ನಲು ಯಾರಿಗೆ ಬಾಯಿ ಬಂದೀತು?

ಹಾಗೆಂದು ಎದುರುವಾದಿಗಳ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು ಬೆಲೆ. ಇದು ನಿಜವಾದ ಆಕ್ಷೇಪಣೆ. ಸಣ್ಣ ಕಾರುಗಳಲ್ಲಿ ಎಎಂಟಿಗೆ ಸುಮಾರು 50 ಸಾವಿರ ರೂಪಾಯಿ ಹೆಚ್ಚು ಕೊಡಬೇಕು. ಸಾಲದ ಕಂತು ಕಟ್ಟುವ ಕುಟುಂಬಕ್ಕೆ ಇದು ಹಗುರದ ಮೊತ್ತವಲ್ಲ. ಅದಿಲ್ಲದವರು ಗಿಯರಿನ ಗಾಡಿ ಕೊಳ್ಳಲಿ, ತಪ್ಪೇನಿಲ್ಲ. ಆದರೆ ‘ನನ್ನ ಹತ್ತಿರ ದುಡ್ಡಿಲ್ಲ’ ಎನ್ನುವುದು ಒಂದು ಮಾತು, ‘ಅದು ಗಂಡಸರ ಗಾಡಿಯಲ್ಲ’ ಎನ್ನುವುದು ಇನ್ನೊಂದು ಮಾತು. ಬೆಲೆಯ ಸಿಟ್ಟನ್ನು ಕಂಪನಿಗಳ ಕಡೆ ತಿರುಗಿಸೋಣ. ಆಲ್ಟೊ ಕೆ10ರಂಥ ಕಾರಿನಲ್ಲಿಯೂ ಎಲ್ಲಕ್ಕಿಂತ ಅಗ್ಗದ ಮಾದರಿಗೆ ಆಟೋಮ್ಯಾಟಿಕ್ ಕೊಡುವುದಿಲ್ಲ, ಮೇಲಿನ ಮಾದರಿ ಕೊಂಡವರಿಗೆ ಮಾತ್ರ ಕೊಡುತ್ತಾರೆ. ಬಡವರ ಮನೆಯ ಹೆಂಗಸಿಗೆ, ಬಡವರ ಮನೆಯ ಅಂಗವಿಕಲನಿಗೆ ಎಡಗಾಲಿನ ವಿಶ್ರಾಂತಿ ಬೇಡ ಎಂದು ತೀರ್ಮಾನಿಸಿದವರು ಯಾರು? 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿಯಿತು. ಬೆಲೆ ಇಳಿಸಲು ಸಾಧ್ಯವೇ ಇಲ್ಲ ಎನ್ನುವ ಮಾತನ್ನು ಇನ್ನು ನಂಬಬೇಕಾಗಿಲ್ಲ.

ಎರಡನೆಯದು ಮೈಲೇಜು. ಈ ಮಾತು ಹಳೆಯ ಆಟೋಮ್ಯಾಟಿಕ್‌ಗಳಿಗೆ ಸಲ್ಲುತ್ತಿತ್ತು. 2014ರ ಸೆಲೆರಿಯೊದಲ್ಲಿ ಗಿಯರಿನ ಮಾದರಿಗೂ ಎಎಂಟಿಗೂ ಕಂಪನಿ ಕೊಟ್ಟ ಪ್ರಮಾಣಿತ ಅಂಕಿ ಒಂದೇ, ಲೀಟರಿಗೆ 23.1 ಕಿಲೋಮೀಟರ್. 2022ರ ಆಲ್ಟೊ ಕೆ10ರಲ್ಲಿ ಗಿಯರಿನದು 24.39, ಎಎಂಟಿಯದು 24.90. ರಸ್ತೆಯಲ್ಲಿ ಎರಡೂ ಇಷ್ಟು ಕೊಡುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಕೊಡದಿರುವುದರಲ್ಲೂ ಎರಡೂ ಸಮವೇ.

ಮೂರನೆಯದು ಏರು, ಇಳಿಜಾರು. ಸವದತ್ತಿ ಎಲ್ಲಮ್ಮನ ಗುಡ್ಡದ ಜಾತ್ರೆಯ ದಟ್ಟಣೆಯಲ್ಲಿ ಏರಿನ ಮೇಲೆ ನಿಂತು ಹೊರಡುವಾಗ ಎಎಂಟಿ ಕಾರು ಹಿಂದಕ್ಕೆ ಜಾರಬಹುದು. ಬ್ರೇಕ್ ಬಿಟ್ಟು ಆ್ಯಕ್ಸಿಲರೇಟರ್ ಮೇಲೆಯೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ ಪ್ಲೇಟ್ ಕಾಯುತ್ತದೆ. ಕ್ಲಚ್ ಪೆಡಲ್ ಇಲ್ಲದಿದ್ದರೂ ಕ್ಲಚ್ ಇದೆಯೆಂಬುದನ್ನು ಮರೆಯಬಾರದು. ಇಳಿಯುವಾಗ ಗಿಯರ್ ತಾನಾಗಿ ಮೇಲೇರದಂತೆ ಕೈಯಿಂದ ಕೆಳ ಗಿಯರಿಗೆ ಇಳಿಸಿಕೊಳ್ಳುವ ಸೌಕರ್ಯ ಅದರಲ್ಲಿಯೂ ಇದೆ. ಹ್ಯಾಂಡ್‌ಬ್ರೇಕ್ ಬಳಸಿ ಹೊರಡುವುದನ್ನು, ಇಳಿಜಾರಿನಲ್ಲಿ ಕೆಳ ಗಿಯರ್ ಹಿಡಿಯುವುದನ್ನು ಕಲಿಸಬೇಕು. ಇವೆಲ್ಲ ಕಲಿತರೆ ಬರುವಂಥವು. ಕಲಿಸುವವರು ಎಲ್ಲಿದ್ದಾರೆ ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಮುಂದೆ ಬರುತ್ತೇನೆ.

ನಾಲ್ಕನೆಯದು ರಿಪೇರಿ. ಹೊಲದ ದಾರಿಯಲ್ಲಿ ಬ್ಯಾಟರಿ ಇಳಿದರೆ ಗಿಯರಿನ ಗಾಡಿಯನ್ನು ನಾಲ್ಕು ಜನ ನೂಕಿ ಸ್ಟಾರ್ಟ್ ಮಾಡಬಹುದು. ಆಟೋಮ್ಯಾಟಿಕ್‌ಗೆ ಅದು ನಡೆಯುವುದಿಲ್ಲ, ಇನ್ನೊಂದು ಬ್ಯಾಟರಿಯಿಂದ ವೈರ್ ಕೊಡಬೇಕು. ಎಎಂಟಿಯ ಯಂತ್ರ ಕೆಟ್ಟರೆ ಊರಿನ ಗ್ಯಾರೇಜಿನಲ್ಲಿ ಕೈಯಾಡಿಸಲು ಬರುವುದಿಲ್ಲ, ದೊಡ್ಡ ಊರಿನ ಷೋರೂಮಿಗೆ ಹೋಗಬೇಕು.

ಈ ಮಾತಿನ ಹಿಂದೆ ಒಂದು ಅನ್ನದ ಪ್ರಶ್ನೆ ಇದೆ. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಸ್ಪ್ಯಾನರ್ ಹಿಡಿದವರಲ್ಲಿ ಮುಸ್ಲಿಂ ಹುಡುಗರು ಬಹಳ. ಶಾಲೆ ಬಿಟ್ಟು, ಉಸ್ತಾದನ ಕೈಕೆಳಗೆ ಗ್ರೀಸ್ ಮೆತ್ತಿಕೊಂಡು, ಕಿವಿಯಿಂದಲೇ ಎಂಜಿನ್ನಿನ ಕಾಯಿಲೆ ಹಿಡಿಯಲು ಕಲಿತವರು. ಕ್ಲಚ್ ಪ್ಲೇಟ್ ಬದಲಾವಣೆ ಅವರ ಸಂಪಾದನೆಯ ಮುಖ್ಯ ಭಾಗ. ಆಟೋಮ್ಯಾಟಿಕ್ ಬಂದರೆ ನಮ್ಮ ಕೆಲಸ ಹೋಯಿತು ಎಂದು ಅವರು ಹೆದರಿದರೆ ಅದನ್ನು ಗೇಲಿ ಮಾಡಲಾಗದು. ಆದರೆ ಅವರ ಹೊಟ್ಟೆಯ ಮೇಲೆ ಹೊಡೆಯುತ್ತಿರುವುದು ಆಟೋಮ್ಯಾಟಿಕ್ ಕಾರಲ್ಲ, ತಿಳಿವಳಿಕೆಯನ್ನು ಷೋರೂಮಿನೊಳಗೆ ಬೀಗ ಹಾಕಿ ಇಟ್ಟುಕೊಂಡಿರುವ ವ್ಯವಸ್ಥೆ. ಎಎಂಟಿಯೊಳಗಿನ ಪೆಟ್ಟಿಗೆಯೂ ಪ್ಲೇಟೂ ಇವರು ದಿನಾ ಬಿಚ್ಚಿ ಕಟ್ಟುವಂಥವೇ. ಹೊಸದಾಗಿ ಬೇಕಾದದ್ದು ಸ್ಕ್ಯಾನರ್ ಓದುವ ವಿದ್ಯೆ, ಕ್ಲಚ್ ಬದಲಿಸಿದ ಮೇಲೆ ಕಂಪ್ಯೂಟರಿಗೆ ಅದರ ಅಳತೆ ಕಲಿಸುವ ಕ್ರಮ. ಕೆಲವು ವಾರಗಳ ತರಬೇತಿಯ ಮಾತಿದು. ಐಟಿಐಗಳಲ್ಲಿ ಸಂಜೆ ತರಗತಿ ನಡೆಸಬಹುದು. ಸಮುದಾಯದ ಸಂಸ್ಥೆಗಳು ಗ್ಯಾರೇಜಿನ ಹುಡುಗರನ್ನು ಕೂಡಿಸಿ ಒಂದು ಸ್ಕ್ಯಾನರ್ ಕೊಡಿಸಬಹುದು. ಬ್ಯಾಟರಿ ಕಾರುಗಳು ಬರುತ್ತಿವೆ, 2022ರಲ್ಲಿ ಬಂದ ಟಿಯಾಗೊದ ಬ್ಯಾಟರಿ ಮಾದರಿಗೆ ಕ್ಲಚ್ಚೂ ಇಲ್ಲ, ಬದಲಿಸುವ ಗಿಯರೂ ಇಲ್ಲ. ಗಿಯರಿನ ಗಾಡಿಯೇ ಗಟ್ಟಿ ಎಂದು ಹೊಗಳುತ್ತ ಕೂತರೆ ಇವರ ಕೆಲಸ ಉಳಿಯುವುದಿಲ್ಲ.

ನಮ್ಮ ಸಮುದಾಯದ ಒಳಗಿನ ಇನ್ನೊಂದು ಮಾತನ್ನೂ ಆಡಿಬಿಡಬೇಕು. ಕೊಲ್ಲಿ ದೇಶಗಳಿಗೆ ದುಡಿಯಲು ಹೋದ ನಮ್ಮ ಗಂಡಸರು ಅಲ್ಲಿ ಓಡಿಸುವುದು ಬಹುಪಾಲು ಆಟೋಮ್ಯಾಟಿಕ್ ಕಾರುಗಳನ್ನೇ. ಅಲ್ಲಿ ಅದು ಯಾರಿಗೂ ಅವಮಾನ ಎನಿಸುವುದಿಲ್ಲ. ಸೌದಿ ಅರೇಬಿಯಾದಲ್ಲಿಯೂ 2018ರ ಜೂನ್ 24ರಿಂದ ಹೆಂಗಸರು ಕಾರು ಓಡಿಸುತ್ತಿದ್ದಾರೆ. ಅದೇ ಗಂಡಸರು ರಜೆಗೆ ಊರಿಗೆ ಬಂದು ಕಾರು ಕೊಳ್ಳುವಾಗ ಗಿಯರಿನ ಗಾಡಿಯನ್ನೇ ಆರಿಸುತ್ತಾರೆ. ತಿಂಗಳೆರಡು ತಿಂಗಳಲ್ಲಿ ತಿರುಗಿ ಹೋಗುತ್ತಾರೆ. ಗಾಡಿ ತಾಡಪತ್ರಿ ಹೊದ್ದು ಅಂಗಳದಲ್ಲಿ ನಿಲ್ಲುತ್ತದೆ. ಮನೆಯಾಕೆ ಮಗುವಿಗೆ ಜ್ವರ ಬಂದರೆ ಟಂಟಂ ಹುಡುಕುತ್ತಾಳೆ, ಇಲ್ಲವೆ ಮೈದುನನಿಗೆ ಫೋನ್ ಮಾಡುತ್ತಾಳೆ. ತನ್ನ ಮನೆಯ ಮುಂದೆ ನಿಂತ ತನ್ನದೇ ಕಾರಿಗೆ ಅವಳು ಪರಕೀಯಳು. ಕೊಳ್ಳುವಾಗ ಗಂಡ ಒಂದೇ ಪ್ರಶ್ನೆ ಕೇಳಿಕೊಂಡಿದ್ದರೆ ಸಾಕಿತ್ತು: ವರ್ಷದ ಹನ್ನೊಂದು ತಿಂಗಳು ಈ ಗಾಡಿಯನ್ನು ಓಡಿಸಬೇಕಾದವರು ಯಾರು?

ಈಗ ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯಿದೆಯ 10ನೇ ಸೆಕ್ಷನ್ ದ್ವಿಚಕ್ರ ವಾಹನಗಳ ಲೈಸೆನ್ಸಿನಲ್ಲಿ ‘ಗಿಯರ್ ಇಲ್ಲದ್ದು’, ‘ಗಿಯರ್ ಇರುವುದು’ ಎಂದು ಎರಡು ವರ್ಗ ಮಾಡಿದೆ. ಕಾರಿನ ವಿಷಯದಲ್ಲಿ ಹಾಗಿಲ್ಲ. ಎಲ್ಲ ಕಾರುಗಳೂ ‘ಲಘು ಮೋಟಾರು ವಾಹನ’ ಎಂಬ ಒಂದೇ ವರ್ಗದಲ್ಲಿವೆ. 1989ರ ಕೇಂದ್ರ ನಿಯಮಗಳ 15ನೇ ನಿಯಮ ಪರೀಕ್ಷೆಯಲ್ಲಿ ನೋಡಬೇಕಾದ್ದನ್ನು ಪಟ್ಟಿ ಮಾಡುತ್ತದೆ. ಅದರ ಮೊದಲ ಕೆಲವು ಅಂಶಗಳಲ್ಲೇ ಟಾಪ್ ಗಿಯರಿನವರೆಗೆ ಎಲ್ಲ ಗಿಯರುಗಳನ್ನೂ ಹಾಕುತ್ತ ಹೋಗುವುದು, ಅಗತ್ಯ ಬಿದ್ದಾಗ ಚುರುಕಾಗಿ ಕೆಳ ಗಿಯರಿಗೆ ಬರುವುದು ಸೇರಿವೆ. ಆ ಕಾಲದಲ್ಲಿ ದೇಶದ ರಸ್ತೆಯ ಮೇಲಿದ್ದ ಕಾರುಗಳನ್ನು ನೋಡಿ ಬರೆದ ನಿಯಮ ಅದು. ಕಾರುಗಳು ಬದಲಾದವು, ಬರಹ ಉಳಿಯಿತು.

ಇದರ ಫಲವನ್ನು ತಾಲ್ಲೂಕು ಊರುಗಳ ಡ್ರೈವಿಂಗ್ ಸ್ಕೂಲುಗಳಲ್ಲಿ ಕಾಣಬಹುದು. ಕಲಿಸಲು ಇರುವುದು ಸಾಮಾನ್ಯವಾಗಿ ಗಿಯರಿನ ಹಳೆಯ ಕಾರು. ನಿಯಮದ ಪ್ರಕಾರ ಲಘು ವಾಹನದ ತರಬೇತಿಗೆ ಕನಿಷ್ಠ 21 ದಿನ, ಅದರಲ್ಲಿ ಗಾಡಿ ಓಡಿಸುವುದು ಕನಿಷ್ಠ 10 ಗಂಟೆ. ಆ ಹತ್ತು ಗಂಟೆಯಲ್ಲಿ ಎಷ್ಟು ಹೊತ್ತು ಕ್ಲಚ್ಚಿಗೇ ಹೋಗುತ್ತದೆ ಎಂದು ಕಲಿತವರನ್ನೇ ಕೇಳಿ. ಕನ್ನಡಿ ನೋಡುವುದು, ಮುಂದಿನ ಗಾಡಿಯಿಂದ ಅಂತರ ಕಾಯುವುದು, ಹೆದ್ದಾರಿಗೆ ಸೇರುವುದು, ರಾತ್ರಿ ಲೈಟು ಇಳಿಸುವುದು ಎಲ್ಲ ‘ಆಮೇಲೆ ರೂಢಿ ಆಗ್ತೈತಿ’ ಎಂಬಲ್ಲಿಗೆ ಮುಗಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವೂ ಇಲ್ಲದೆ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳ ನಡುವೆ ಜೀವ ಉಳಿಸುವುದು ಕಣ್ಣು, ತಾಳ್ಮೆ ಮತ್ತು ಬ್ರೇಕು. ನಾವು ಪರೀಕ್ಷೆ ಮಾಡುತ್ತಿರುವುದು ಎಡಗಾಲನ್ನು.

ಆಟೋಮ್ಯಾಟಿಕ್‌ಗೂ ತನ್ನದೇ ಅಪಾಯವಿದೆ. ಗಾಬರಿಯಲ್ಲಿ ಬ್ರೇಕ್ ಎಂದುಕೊಂಡು ಆ್ಯಕ್ಸಿಲರೇಟರ್ ತುಳಿದರೆ ಗಾಡಿ ನುಗ್ಗುತ್ತದೆ, ಬಂದ್ ಬೀಳುವುದಿಲ್ಲ. ಎರಡು ಪೆಡಲ್ಲಿಗೂ ಬಲಗಾಲು ಒಂದನ್ನೇ ಬಳಸಬೇಕು, ಎಡಗಾಲು ಸುಮ್ಮನಿರಬೇಕು ಎಂಬ ಮೊದಲ ಪಾಠವನ್ನೇ ಕೇಳದೆ ಜನ ಷೋರೂಮಿನಿಂದ ನೇರವಾಗಿ ರಸ್ತೆಗೆ ಇಳಿಯುತ್ತಿದ್ದಾರೆ. ಇದೂ ಕಲಿಸಬೇಕಾದ ವಿದ್ಯೆ ಎಂದು ನಾವು ಒಪ್ಪದಿರುವುದರ ಫಲವಿದು. ‘ಗಿಯರ್ ಬಂದ್ರ ಎಲ್ಲಾ ಬಂದಂಗ’ ಎಂಬ ಗಾದೆಯಂಥ ಮಾತು ಜೀವಕ್ಕೆ ಎರವಾಗಬಹುದು.

ಆದ್ದರಿಂದ ಕೇಳಬೇಕಾದ್ದು ಸ್ಪಷ್ಟವಾಗಿದೆ. ಸ್ಕೂಟರಿಗೆ ಇರುವಂತೆ ಕಾರಿಗೂ ಕ್ಲಚ್ ಇಲ್ಲದ ಗಾಡಿಯ ಪ್ರತ್ಯೇಕ ಲೈಸೆನ್ಸ್ ಬರಲಿ. ಬ್ರಿಟನ್ನಿನಲ್ಲಿ ಈ ಕ್ರಮವಿದೆ, ಅಲ್ಲಿ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಕೊಟ್ಟವರು ಆಟೋಮ್ಯಾಟಿಕ್ ಮಾತ್ರ ಓಡಿಸಬಹುದು, ಮುಂದೆ ಬೇಕಾದರೆ ಗಿಯರಿನ ಪರೀಕ್ಷೆ ಕೊಟ್ಟು ಅದನ್ನೂ ಪಡೆಯಬಹುದು. ‘ಆಟೋಮ್ಯಾಟಿಕ್ ಕಲಿತವರು ಗಿಯರಿನ ಗಾಡಿ ಹತ್ತಿ ಅನಾಹುತ ಮಾಡ್ತಾರ’ ಎಂಬ ಆತಂಕಕ್ಕೂ ಇದೇ ಉತ್ತರ. ಎರಡನೆಯದಾಗಿ, ಪರೀಕ್ಷೆಯ ನಿಯಮವನ್ನು ಇಂದಿನ ಗಾಡಿಗಳಿಗೆ ತಕ್ಕಂತೆ ತಿದ್ದಲಿ. ಮೂರನೆಯದಾಗಿ, ಬೈಲಹೊಂಗಲದಂಥ ಆರ್‌ಟಿಒ ಕಚೇರಿ ಇರುವ ಪ್ರತಿ ಊರಿನಲ್ಲಿ ಒಂದಾದರೂ ಡ್ರೈವಿಂಗ್ ಸ್ಕೂಲು ಆಟೋಮ್ಯಾಟಿಕ್ ಕಾರಿನಲ್ಲಿ ಕಲಿಸುವಂತಾಗಲಿ, ಅಲ್ಲಿ ಕಲಿಸುವ ಹೆಂಗಸರೂ ಇರಲಿ. ಕೆಎ-24 ನಂಬರಿನ ಗಾಡಿಗಳು ಯಾರ ಕೈಯಲ್ಲಿವೆ ಎಂಬುದನ್ನು ಬದಲಿಸಲು ಇಷ್ಟು ಸಾಕು.

ಒಂದು ಕಾಲದಲ್ಲಿ ಜೀಪು, ಅಂಬಾಸಿಡರುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದ ತೋಳ್ಬಲದವರಿದ್ದರು. ಹಳೆಯ ಲಾರಿಗಳಲ್ಲಿ ಡಬಲ್ ಕ್ಲಚ್ ತುಳಿದು ಗಿಯರ್ ಹಾಕುವ ನಿಪುಣರಿದ್ದರು. ಅಮೆರಿಕದ ಕ್ಯಾಡಿಲಾಕ್ ಕಾರಿಗೆ 1912ರಲ್ಲೇ ಸೆಲ್ಫ್ ಸ್ಟಾರ್ಟ್ ಬಂತು, ಅಲ್ಲಿಂದ ಅದು ಎಲ್ಲ ಗಾಡಿಗಳಿಗೂ ಬಂತು. ಇಂದು ಚಾವಿ ತಿರುಗಿಸಿ ಗಾಡಿ ಹೊರಡಿಸುವ ಯಾವ ಗಂಡಸೂ ತನ್ನನ್ನು ಕೈಲಾಗದವನು ಎಂದುಕೊಳ್ಳುವುದಿಲ್ಲ. ತನಗೆ ಸಿಕ್ಕ ಸುಲಭವನ್ನೆಲ್ಲ ಹಕ್ಕೆಂದು ಪಡೆದುಕೊಂಡವನು, ಹೆಂಡತಿಗೆ, ಮಗಳಿಗೆ, ಮೊಣಕಾಲು ಸೋತ ತಂದೆಗೆ ಸಿಗುವ ಸುಲಭವನ್ನು ಮಾತ್ರ ಕುಂದೆಂದು ಎಣಿಸುವುದು ಯಾವ ನ್ಯಾಯ?

ಗಿಯರ್ ಹಾಕಲು ಇಷ್ಟಪಡುವವರು ಹಾಕಲಿ. ಅದರಲ್ಲಿ ಸುಖವಿದೆ, ಕಸುಬಿದೆ, ಯಾರೂ ಅದನ್ನು ಕಸಿದುಕೊಳ್ಳುವುದಿಲ್ಲ. ಮುಂದಿನ ಸಲ ಮನೆಗೆ ಕಾರು ಕೊಳ್ಳುವ ಮಾತು ಬಂದಾಗ ಬೆಲೆ, ಮೈಲೇಜು, ಬಣ್ಣದ ಜೊತೆಗೆ ಇನ್ನೊಂದು ಮಾತನ್ನೂ ಕೂಡಿಸಿಕೊಳ್ಳಿ. ಮನೆಯಲ್ಲಿರುವವರಲ್ಲಿ ಎಷ್ಟು ಜನ ಈ ಗಾಡಿಯನ್ನು ಓಡಿಸಬಲ್ಲರು? ಒಬ್ಬನೇ ಓಡಿಸಬಲ್ಲ ಕಾರಿಗಿಂತ ಮೂವರು ಓಡಿಸಬಲ್ಲ ಕಾರು, 50 ಸಾವಿರ ಹೆಚ್ಚಾದರೂ, ಅಗ್ಗವೇ.